ನಮ್ಮ ಬೀದಿಯ ಪರ್ಮನೆಂಟ್ ಸಾಕ್ಷಿ

ನಮ್ಮ ಬೀದಿಗೆ ಪೊಲೀಸಿನವನು ಕಾಲಿಟ್ಟರೆ ಒಂದು ಸದ್ದು ಕೇಳುತ್ತಿತ್ತು. ಬೀದಿಯ ಬಾಯಲ್ಲಿದ್ದ ಕಿರಾಣಿ ಅಂಗಡಿಯವರು ತಕ್ಕಡಿಯ ಹಿತ್ತಾಳೆ ತಟ್ಟೆಗೆ ತೂಕದ ಕಲ್ಲಿನಿಂದ ಎರಡು ಸಲ ಬಡಿಯುತ್ತಿದ್ದರು. ಇದನ್ನು ಯಾರು, ಯಾವಾಗ ಶುರು ಮಾಡಿದರೋ ಗೊತ್ತಿಲ್ಲ. ನಾನು ದಾವಣಗೆರೆಯಲ್ಲಿ ಜವಳಿ ಅಂಗಡಿ ಇಟ್ಟ ಹೊಸತರಲ್ಲೇ ರೂಢಿಯಲ್ಲಿತ್ತು. ಆ ಸದ್ದು ಕೇಳಿದ್ದೇ ತಡ, ಎರಡೂ ಬದಿಯ ಅಂಗಡಿಯವರು ಎದ್ದು ಬಾಗಿಲಿಗೆ ಎರಡೆರಡು ಹಲಗೆ ಏರಿಸಿಬಿಡುತ್ತಿದ್ದೆವು. ಆಗ ಕಬ್ಬಿಣದ ಶಟರುಗಳಿರಲಿಲ್ಲ. ಉದ್ದುದ್ದ ಮರದ ಹಲಗೆಗಳನ್ನು ಒಂದರ ಪಕ್ಕ ಒಂದು ನಿಲ್ಲಿಸಿ ಬಾಗಿಲು ಹಾಕುವ ಕಾಲ. ಎರಡು ಹಲಗೆ ಏರಿದೆ ಅಂದರೆ ಯಜಮಾನರು ಊಟಕ್ಕೆ ಹೋಗಿದ್ದಾರೆ, ಜವಾಬ್ದಾರಿಯವರು ಯಾರೂ ಇಲ್ಲ ಎಂದು ಅರ್ಥ. ಬೆಳಿಗ್ಗೆ ಅಂಗಡಿ ಗುಡಿಸಿ ಊದುಬತ್ತಿ ಹಚ್ಚುವಷ್ಟರಲ್ಲೇ ಇಡೀ ಬೀದಿ ಊಟಕ್ಕೆ ಹೋಗಿಬಿಟ್ಟದ್ದೂ ಉಂಟು.

ಇದಕ್ಕೆಲ್ಲ ಕಾರಣ ಪಂಚನಾಮೆ. ಎಲ್ಲೋ ಕಳ್ಳತನವೋ ಹೊಡೆದಾಟವೋ ಆಗಿರುತ್ತದೆ. ಜಾಗದಲ್ಲಿ ಏನು ಕಂಡಿತು, ಏನು ಸಿಕ್ಕಿತು ಅಂತ ಪೊಲೀಸರು ಬರೆದುಕೊಳ್ಳಬೇಕು, ಅದಕ್ಕೆ ಊರಿನ ಇಬ್ಬರು ಗೃಹಸ್ಥರು ಸಹಿ ಹಾಕಬೇಕು. ಸಹಿ ಹಾಕಿದವರನ್ನು ಮುಂದೆ ಕೋರ್ಟು ಕರೆಯುತ್ತದೆ. ಹೋದರೆ ಅವತ್ತು ಕೇಸು ಮುಂದಕ್ಕೆ ಹೋಗಿರುತ್ತದೆ, ಮತ್ತೆ ಹೋಗಬೇಕು. ಯಾರಿಗೆ ಬೇಕು ಹೇಳಿ ಆ ತಾಪತ್ರಯ? ನಾವೇನೂ ಕೆಟ್ಟವರಲ್ಲ. ಯಾರ ಮನೆಯಲ್ಲಿ ಸಾವಾದರೂ ಹೋಗಿ ಹೆಗಲು ಕೊಡುವವರು, ಮದುವೆಗೆ ಮೂರು ದಿನ ಮುಂಚೆಯೇ ಹೋಗಿ ನಿಂತು ದುಡಿಯುವವರು. ಸಂಜೆ ಕ್ಷೌರದಂಗಡಿಯಲ್ಲಿ ಪೇಪರು ಹಿಡಿದು ಕೂತರೆ ದಿಲ್ಲಿಯವರು ಏನು ಮಾಡಬೇಕಿತ್ತು, ಬೆಂಗಳೂರಿನವರು ಎಲ್ಲಿ ಎಡವಿದರು ಅಂತ ಗಂಟೆಗಟ್ಟಲೆ ಹೇಳುವವರು. ಸ್ವಾತಂತ್ರ್ಯ ಬಂದು ಹತ್ತು ಹನ್ನೆರಡು ವರ್ಷವಾಗಿತ್ತು. ಸ್ವಾತಂತ್ರ್ಯ ಅಂದರೆ ಇನ್ನು ಮೇಲೆ ನಮ್ಮನ್ನು ಯಾರೂ ಯಾವುದಕ್ಕೂ ಕರೆಯಬಾರದು ಅಂತ ನಾವು ತಿಳಿದುಕೊಂಡಿದ್ದೆವು.

ಹಲಗೆ ಏರಿಸದೆ ಇದ್ದದ್ದು ಒಂದೇ ಅಂಗಡಿ. ನನ್ನ ಅಂಗಡಿಯ ಎದುರಿಗಿದ್ದ ಹಗ್ಗದ ಅಂಗಡಿ. ಅದರ ಯಜಮಾನರ ಬಗ್ಗೆಯೇ ಇದನ್ನು ಬರೆಯುತ್ತಿರುವುದು. ಹೆಸರು ಬರೆಯುವುದಿಲ್ಲ. ಅವರ ಮೊಮ್ಮಕ್ಕಳು ಊರಲ್ಲಿದ್ದಾರೆ, ಅವರಿಗೆ ಇದೆಲ್ಲ ಎಷ್ಟು ಗೊತ್ತೋ ನನಗೆ ಗೊತ್ತಿಲ್ಲ.

ಎತ್ತರದ ಆಳು. ಹಣೆ ತುಂಬ ವಿಭೂತಿ, ಕೊರಳಲ್ಲಿ ಲಿಂಗದ ಬೆಳ್ಳಿ ಕರಡಿಗೆ, ಮೊಣಕಾಲಿಗಿಂತ ಒಂದು ಗೇಣು ಕೆಳಗೆ ನಿಂತುಬಿಡುವ ಪಂಚೆ. ಕೈಗಳು ಮಾತ್ರ ಎತ್ತರಕ್ಕೂ ಮೀರಿ ಉದ್ದ. ಹಗ್ಗವನ್ನು ಆಗ ಮಾರಿನ ಲೆಕ್ಕದಲ್ಲಿ ಅಳೆಯುತ್ತಿದ್ದರು. ಎರಡೂ ಕೈ ಚಾಚಿದರೆ ಈ ತುದಿಯಿಂದ ಆ ತುದಿಗೆ ಒಂದು ಮಾರು. ಅವರ ಒಂದು ಮಾರು ಬೇರೆಯವರ ಒಂದೂಕಾಲು ಮಾರಾಗುತ್ತಿತ್ತು. ಕಡರನಾಯಕನಹಳ್ಳಿ ಕಡೆಯ ರೈತರು ಹತ್ತಿರದ ಹರಿಹರದಲ್ಲೇ ಹಗ್ಗ ಸಿಗುತ್ತಿದ್ದರೂ ಬಾವಿಹಗ್ಗ, ಮೂಗುದಾರ ಕೊಳ್ಳಲು ಇಲ್ಲಿಯತನಕ ಬರುತ್ತಿದ್ದರು. ಬಂದವರು ತಮ್ಮ ಪೈಕಿಯ ಗಿಡ್ಡನೆಯವನನ್ನು ಮುಂದೆ ಬಿಟ್ಟು, ಹಗ್ಗವನ್ನು ಇವನ ಕೈಯಲ್ಲಿ ಬೇಡ, ನಿಮ್ಮ ಕೈಯಲ್ಲೇ ಅಳೆಯಿರಿ ಅಂತ ನಗುತ್ತಿದ್ದರು. ಇವರೂ ನಗುತ್ತಲೇ ಕೈ ಚಾಚುತ್ತಿದ್ದರು.

ದೇವರಂಥ ಮನುಷ್ಯ ಅಂತ ನಾನು ಹೇಳಿದರೆ ಅವರ ಹೆಂಡತಿಯೇ ಒಪ್ಪುತ್ತಿರಲಿಲ್ಲ. ಮಾತು ಬಹಳ. ಒಬ್ಬರಿಗೆ ಚಹಾ ಕುಡಿಸಬೇಕಾದರೆ ಕೈ ನಡುಗುತ್ತಿತ್ತು. ಕೋರ್ಟಿಗೆ ಹೋಗುವುದಕ್ಕೆಂದೇ ಒಂದು ಕರಿ ಕೋಟು ಹೊಲಿಸಿಕೊಂಡಿದ್ದರು. ಅದನ್ನು ನುಸಿಗುಳಿಗೆ ಹಾಕಿ ಟ್ರಂಕಿನಲ್ಲಿ ಇಡುತ್ತಿದ್ದರಿಂದ, ಅವರು ಸಾಕ್ಷಿ ಹೇಳುವ ದಿನ ಬೀದಿಗೆಲ್ಲ ಆ ವಾಸನೆ. ಸಮನ್ಸು ಬಂದರೆ ಮದುವೆಯ ಕರೆಯೋಲೆ ಬಂದಷ್ಟು ಖುಷಿ. ಕಟಕಟೆಯಲ್ಲಿ ನಿಂತು ಪ್ರಮಾಣ ಮಾಡುವಾಗ ಎಷ್ಟು ಜೋರಾಗಿ ಹೇಳುತ್ತಿದ್ದರೆಂದರೆ ಪಕ್ಕದ ಕೋಣೆಯ ಗುಮಾಸ್ತರು ಇಣುಕಿ ನೋಡುತ್ತಿದ್ದರಂತೆ. ಬಂದ ಮೇಲೆ ವಕೀಲರು ಏನು ಕೇಳಿದರು, ತಾನೇನು ಹೇಳಿದೆ ಅಂತ ವಾರಗಟ್ಟಲೆ ಹೇಳಿ ನಮ್ಮ ಪ್ರಾಣ ತಿನ್ನುತ್ತಿದ್ದರು.

ಹಾಗಂತ ಪೊಲೀಸರಿಗೂ ಅವರು ಅಚ್ಚುಮೆಚ್ಚಲ್ಲ. ಬರೆದದ್ದನ್ನು ಪೂರ್ತಿ ಓದದೆ ಸಹಿ ಹಾಕುತ್ತಿರಲಿಲ್ಲ. ಓದುವುದೂ ಬೆರಳಿಟ್ಟು, ನಿಧಾನವಾಗಿ, ಗಟ್ಟಿಯಾಗಿ. ಒಮ್ಮೆ ಜಮಾದಾರನೊಬ್ಬ ಸ್ಟೇಷನ್ನಿನಲ್ಲೇ ಎಲ್ಲ ಬರೆದುಕೊಂಡು ಬಂದು ಸಹಿ ಕೇಳಿದ. ಅದರಲ್ಲಿ ಕಳ್ಳನ ಹತ್ತಿರ ಚಾಕು ಸಿಕ್ಕಿತು ಅಂತಲೂ ಇತ್ತು. ಇವರು ಚಾಕು ಎಲ್ಲಿದೆ ತೋರಿಸಿ ಅಂದರು. ಸ್ಟೇಷನ್ನಿನಲ್ಲಿದೆ ಅಂದ. ಹಾಗಾದರೆ ಸ್ಟೇಷನ್ನಿನಲ್ಲೇ ಯಾರಾದರೂ ನೋಡಿದವರ ಸಹಿ ಹಾಕಿಸಿಕೊಳ್ಳಿ ಅಂತ ಪೆನ್ನು ಮುಚ್ಚಿ ಜೇಬಿಗಿಟ್ಟರು. ಜಮಾದಾರ ಬೈದುಕೊಳ್ಳುತ್ತ ಚಾಕುವಿನ ಸಾಲು ಹೊಡೆದುಹಾಕಿದ ಮೇಲೆಯೇ ಸಹಿ ಬಿದ್ದದ್ದು. ಅವತ್ತು ಸಂಜೆ ನಾವೆಲ್ಲ ಅವರನ್ನು ಹಾಸ್ಯ ಮಾಡಿದೆವು. ಒಂದು ಚಾಕುವಿಗಾಗಿ ಯಾಕ್ರಿ ಅಷ್ಟು ಜಗಳ, ಅವನೇನು ನಿಮ್ಮ ಬೀಗನೇ ಅಂತ ಕೇಳಿದೆವು.

ಸುಳ್ಳು ಹೇಳಲು ಅವರಿಗೆ ಬರುತ್ತಿರಲಿಲ್ಲ. ಇದನ್ನು ಹೊಗಳಿಕೆಗೆ ಹೇಳುತ್ತಿಲ್ಲ. ಎಷ್ಟೋ ಸಲ ಅದರಿಂದ ಮನೆಯವರಿಗೆ ಕಷ್ಟವೇ ಆಗುತ್ತಿತ್ತು. ಈ ಹಗ್ಗ ಹೋದ ವರ್ಷದ್ದು, ಬಾವಿಗೆ ಬೇಡ, ಬೇಕಾದರೆ ಕರು ಕಟ್ಟಲು ಒಯ್ಯಿರಿ ಅಂತ ಗಿರಾಕಿಗೆ ತಾವೇ ಹೇಳುತ್ತಿದ್ದರು. ಬೇಡದ ನೆಂಟರು ಬಂದಾಗ ತಾನು ಮನೆಯಲ್ಲಿ ಇಲ್ಲ ಅಂತ ಹೇಳಿಸಲು ಹೆಂಡತಿ ಒಳಗಿನಿಂದ ಕೈಸನ್ನೆ ಮಾಡಿದರೆ, ಇವರು ಬಾಗಿಲಲ್ಲಿ ನಿಂತು, ಅದಾಳೆ, ಆದ್ರೆ ಇಲ್ಲ ಅಂತ ಹೇಳು ಅಂತಾಳೆ ಅನ್ನುತ್ತಿದ್ದರು. ಆಯಮ್ಮ ನಮ್ಮ ಮನೆಗೆ ಬಂದು ಇದನ್ನು ಹೇಳಿ ನಕ್ಕದ್ದೂ ಉಂಟು, ಅತ್ತದ್ದೂ ಉಂಟು.

ಅವರಿಗೆ ಪರ್ಮನೆಂಟ್ ಸಾಕ್ಷಿ ಅಂತ ಹೆಸರಿಟ್ಟವನು ನಾನು. ನಮ್ಮದು ಗಿರಣಿಯ ಊರು. ಗಿರಣಿಯಲ್ಲಿ ಟೆಂಪರ್‍ವರಿ ಆಗಿದ್ದವನು ಪರ್ಮನೆಂಟ್ ಆದರೆ ಅವನಿಗೆ ಹೆಣ್ಣು ಕೊಡಲು ಜನ ಮುಂದೆ ಬರುತ್ತಿದ್ದರು. ಹಗ್ಗದ ಯಜಮಾನರು ಕೋರ್ಟಿನಲ್ಲಿ ಪರ್ಮನೆಂಟ್ ಆದರಂತೆ, ಇನ್ನೇನು ಪಿಂಚಣಿಯೂ ಬರುತ್ತದೆ ಅಂತ ಕ್ಷೌರದಂಗಡಿಯಲ್ಲಿ ಒಂದು ದಿನ ಅಂದೆ. ಬೀದಿಯೆಲ್ಲ ನಕ್ಕಿತು, ಹೆಸರು ನಿಂತುಬಿಟ್ಟಿತು. ಅವರೂ ಬೇಸರ ಮಾಡಿಕೊಳ್ಳಲಿಲ್ಲ. ಪರ್ಮನೆಂಟ್ ಆಗಾಕೆ ನಾನೊಬ್ಬನೇ ಅರ್ಜಿ ಹಾಕಿದ್ದೆ ಅಂದರು.

ಚರಂಡಿಯ ಪ್ರಸಂಗವೂ ಆಗಿನದೇ. ಬೀದಿಯ ನಡುವೆ ಚರಂಡಿಯ ಮೇಲಿನ ಕಲ್ಲುಚಪ್ಪಡಿ ಒಡೆದು ಹೋಗಿ ಒಂದು ಬೇಸಿಗೆ, ಒಂದು ಮಳೆಗಾಲ ಕಳೆದಿತ್ತು. ನಾವೆಲ್ಲ ಸುತ್ತು ಹಾಕಿ ನಡೆಯುವುದನ್ನು ಕಲಿತಿದ್ದೆವು. ಕತ್ತಲಲ್ಲಿಯೂ ಕಾಲು ತಾನಾಗಿ ಪಕ್ಕಕ್ಕೆ ಹೋಗುತ್ತಿತ್ತು. ಹೊಸಬರು ಬಿದ್ದರೆ ಎತ್ತಿ ಕೂರಿಸಿ ನೀರು ಕೊಡುತ್ತಿದ್ದೆವು. ಯಜಮಾನರು ಒಂದು ದಿನ ಎಲ್ಲರನ್ನೂ ಸೇರಿಸಿ, ಮುನಿಸಿಪಾಲಿಟಿಗೆ ಹೋಗೋಣ ಅಂದರು. ನಾವು ಬಹಳ ಹುರುಪಿನಿಂದ, ನೀವು ಮುಂದಾಗ್ರಿ, ನಾವು ಹಿಂದೆ ಅದೀವಿ ಅಂದೆವು. ಅವರು ಕೋಟು ಹಾಕಿಕೊಂಡು ಹೊರಟೇಬಿಟ್ಟರು. ದಾರಿಯುದ್ದಕ್ಕೂ ಚಪ್ಪಡಿಯ ಬಗ್ಗೆ ಜೋರಾಗಿ ಮಾತಾಡುತ್ತ ಹೋಗಿ, ಮುನಿಸಿಪಾಲಿಟಿಯ ಗೇಟಿನಲ್ಲಿ ತಿರುಗಿ ನೋಡಿದರೆ ಹಿಂದೆ ಯಾರೂ ಇಲ್ಲ. ಮಧ್ಯಾಹ್ನ ಬಂದು ನನ್ನ ಅಂಗಡಿಯ ಮೆಟ್ಟಿಲ ಮೇಲೆ ಕೂತರು. ಸಿಟ್ಟು ಮಾಡುತ್ತಾರೆ ಅಂದುಕೊಂಡಿದ್ದೆ.

“ಹಿಂದೆ ಅದೀವಿ ಅಂದಿದ್ರಿ,” ಅಂದರು. “ಎಷ್ಟು ಹಿಂದೆ ಅಂತ ನಾನು ಕೇಳಬೇಕಾಗಿತ್ತು.”

ಚಪ್ಪಡಿ ಆ ತಿಂಗಳೇ ಬಂತು. ನಾವು ಅದರ ಮೇಲೆ ನಡೆದಾಡಿದೆವು.

ಹೀಗೆ ನಗುನಗುತ್ತಲೇ ನಡೆದು ಹೋಗುತ್ತಿದ್ದ ಬೀದಿಯಲ್ಲಿ ಹರಿಹರದ ಹಮಾಲನೊಬ್ಬನ ಸಾವಾಯಿತು. ಹರಿಹರದಿಂದ ದಿನಾ ಬೆಳಗಿನ ರೈಲಿಗೆ ಬಂದು ನಮ್ಮ ಬೀದಿಯ ಅಂಗಡಿಗಳಿಗೆ ಮೂಟೆ ಹೊರುತ್ತಿದ್ದ, ಮೂವತ್ತೈದರ ಆಸುಪಾಸಿನವನು. ಕಡಿಮೆ ಮಾತು. ಎಲೆಯಡಿಕೆ ಬಿಟ್ಟರೆ ಬೇರೆ ಚಟವಿಲ್ಲ. ಅವತ್ತು ನನ್ನ ಅಂಗಡಿಯ ಮುಂದೆ ನಿಂತು, ಸ್ವಲ್ಪ ಸುಣ್ಣ ಇದ್ರೆ ಕೊಡ್ರಿ ಸಾವ್ಕಾರ್ರೆ ಅಂದ. ನಾನು ಡಬ್ಬಿ ಚಾಚಿದೆ. ಎಲೆಗೆ ಸುಣ್ಣ ಸವರಿಕೊಂಡು, ಈ ಸಲ ಭದ್ರಾ ಕಾಲುವೆ ನೀರು ಬಂದರೆ ಹೆಂಡತಿಯ ತವರಿನವರು ಭತ್ತ ಹಾಕುತ್ತಾರಂತೆ ಅಂತ ಹೇಳಿದ. ನಮ್ಮಿಬ್ಬರ ನಡುವೆ ಒಂದು ಮೊಳ ಅಂತರವೂ ಇರಲಿಲ್ಲ. ಎಲೆ ಬಾಯಿಗಿಟ್ಟು, ತಲೆಯ ಮೇಲಿನ ಸಿಂಬೆ ಸರಿಮಾಡಿಕೊಳ್ಳುತ್ತ ಗೋಡೆಯ ಪಕ್ಕಕ್ಕೆ ಹೋಗಿ ನಿಂತ.

ಅರಳೆ ಮೂಟೆ ತುಂಬಿದ್ದ ಲಾರಿಯೊಂದು ಬೀದಿಯೊಳಗೆ ಹಿಮ್ಮುಖವಾಗಿ ಬರುತ್ತಿತ್ತು. ಹಿಂದೆ ನಿಂತು ಕೈ ತೋರಿಸಬೇಕಾದ ಕ್ಲೀನರು ಚಹಾದಂಗಡಿಯಲ್ಲಿದ್ದ. ಯಜಮಾನರು ತಮ್ಮ ಅಂಗಡಿಯಿಂದ ಇಳಿದು ಓಡಿ, ಲಾರಿಯ ಮೈಗೆ ಬಡಿಬಡಿದು ಕೂಗಿದ್ದು ನನಗೆ ಕೇಳಿಸಿತು. ಡ್ರೈವರಿಗೆ ಕೇಳಿಸಲಿಲ್ಲ. ಹಮಾಲ ಲಾರಿಗೂ ಗೋಡೆಗೂ ನಡುವೆ ಸಿಕ್ಕಿಕೊಂಡ. ಅಂಗಡಿಗಳಲ್ಲಿದ್ದವರೆಲ್ಲ ನೋಡಿದೆವು. ಓಡಿಹೋಗಿ ನೀರು ತಂದೆವು, ಗಾಳಿ ಬೀಸಿದೆವು, ಅಯ್ಯೋ ಪಾಪ ಅಂದೆವು. ಯಜಮಾನರು ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ನೆಲದ ಮೇಲೆ ಕೂತಿದ್ದರು. ಅಲ್ಲೇ ಪ್ರಾಣ ಹೋಯಿತು.

ಆಮೇಲೆ ಬೀದಿಯ ಬಾಯಲ್ಲಿ ತಕ್ಕಡಿಯ ತಟ್ಟೆ ಸದ್ದು ಮಾಡಿತು.

ಕಿರಾಣಿಯವರನ್ನು ನಾನು ಬೈಯುವುದಿಲ್ಲ. ಖಾಕಿ ಟೋಪಿ ಕಂಡಿತು, ಕೈ ತಾನಾಗಿ ಕಲ್ಲಿಗೆ ಹೋಯಿತು. ನಮ್ಮ ಕೈಗಳೂ ತಾವಾಗಿ ಹಲಗೆಗೆ ಹೋದವು. ಹೆಣ ಇನ್ನೂ ಬಿಸಿಯಿತ್ತು. ನಾನು ಎರಡು ಹಲಗೆ ಏರಿಸಿ ಒಳಗೆ ಕತ್ತಲಲ್ಲಿ ಬಟ್ಟೆಯ ಥಾನುಗಳ ನಡುವೆ ಕೂತೆ. ಹಲಗೆಗಳ ಸಂದಿಯಲ್ಲಿ ಕಾನ್‌ಸ್ಟೇಬಲನ ಕಾಲು ಕಾಣುತ್ತಿತ್ತು. ಯಾರಾದ್ರೂ ನೋಡಿದೋರು ಅದಾರೇನ್ರಿ ಅಂತ ಅವನು ಬೀದಿಯನ್ನು ಕೇಳಿದ. ಬರ್ರಿ, ನಾನು ನೋಡೀನಿ ಅಂತ ಯಜಮಾನರ ದನಿ ಕೇಳಿಸಿತು. ನನಗೆ ಆಗ ಏನನ್ನಿಸಿತು ಅಂತ ಸರಿಯಾಗಿ ಜ್ಞಾಪಕವಿದೆ. ಸಮಾಧಾನವಾಯಿತು. ಸದ್ಯ, ಅವರೊಬ್ಬರು ಇದ್ದಾರಲ್ಲ ಅನ್ನಿಸಿತು. ಅವರೊಬ್ಬರು ಇದ್ದಾರೆ ಅನ್ನುವುದೇ ನಮಗೆಲ್ಲ ಇಷ್ಟು ವರ್ಷ ಅನುಕೂಲವಾಗಿತ್ತು. ಅವರು ಇಲ್ಲದಿದ್ದರೆ ನಮ್ಮಲ್ಲಿ ಒಬ್ಬರಾದರೂ ನಾಚಿಕೆಯಾಗಿ ಹೊರಗೆ ಬರುತ್ತಿದ್ದೆವೋ ಏನೋ.

ಪೊಲೀಸರು ಆಮೇಲೆ ಒಬ್ಬೊಬ್ಬರನ್ನೇ ಕೇಳಿದರು. ಒಳಗಿದ್ದೆವು, ನೋಡಲಿಲ್ಲ ಅಂದೆವು. ಒಂದು ಮಾತು ಬರೆಯಲೇಬೇಕು: ನಮ್ಮನ್ನು ಯಾರೂ ಹೆದರಿಸಿರಲಿಲ್ಲ. ಲಾರಿಯ ಮಾಲೀಕ ಬೇರೆ ಊರಿನವನು, ಅವನ ಮುಖವನ್ನೇ ನಾವು ಕಂಡಿರಲಿಲ್ಲ. ನಮಗೆ ಯಾರಿಂದಲೂ ಏನೂ ಆಗಬೇಕಾಗಿರಲಿಲ್ಲ. ಹೆದರಿ ಸುಮ್ಮನಿದ್ದೆವು ಅಂದರೆ ಅದಕ್ಕೊಂದು ಮರ್ಯಾದೆಯಾದರೂ ಇರುತ್ತಿತ್ತು. ನಾವು ಸುಮ್ಮನಿದ್ದದ್ದು ಸುಮ್ಮನಿರುವುದು ರೂಢಿಯಾಗಿತ್ತು ಅಂತ.

ಡ್ರೈವರನ ವಕೀಲರು ಹಮಾಲ ಕುಡಿದಿದ್ದ, ತೂರಾಡಿಕೊಂಡು ತಾನೇ ಲಾರಿಯ ಹಿಂದೆ ಬಂದು ಬಿದ್ದ ಅಂತ ವಾದ ಎತ್ತಿದರು. ಡಾಕ್ಟರ ವರದಿಯಲ್ಲಿ ಆ ಬಗ್ಗೆ ಹೌದು ಅಂತಲೂ ಇರಲಿಲ್ಲ, ಇಲ್ಲ ಅಂತಲೂ ಇರಲಿಲ್ಲ. ಸುದ್ದಿ ಹರಿಹರಕ್ಕೂ ಹೋಯಿತು. ಅಲ್ಲಿ ಅವನ ಹೆಂಡತಿ ಮಂಡಕ್ಕಿ ಭಟ್ಟಿಯಲ್ಲಿ ಕೆಲಸ ಮಾಡುತ್ತಿದ್ದಳು. ಕುಡಿದು ಸತ್ತವನ ಹೆಂಡತಿ ಅಂತ ಭಟ್ಟಿಯ ಹೆಂಗಸರು ಮಾತಾಡಲು ಶುರು ಮಾಡಿದ್ದರು. ಆಕೆ ಒಂದು ದಿನ ದಾವಣಗೆರೆಗೆ ಬಂದು, ಯಜಮಾನರ ಅಂಗಡಿಯಲ್ಲಿ ಹಗ್ಗದ ಸುರುಳಿಯ ಮೇಲೆ ಕೂತು ಅತ್ತು ಹೋದಳಂತೆ. ನನ್ನ ಗಂಡ ಕುಡೀತಿರ್ಲಿಲ್ಲ ಅಂತ ಕೋರ್ಟಿನಲ್ಲಿ ಬರೆಸಿಕೊಡಿ, ನನಗೆ ಬೇರೇನೂ ಬೇಡ ಅಂದಳಂತೆ. ಯಜಮಾನರು ಬರೆಸುತ್ತೇನೆ ಅಂತ ಮಾತು ಕೊಟ್ಟುಬಿಟ್ಟರು.

ಅವತ್ತು ಸಂಜೆ ಅವರು ನನ್ನ ಅಂಗಡಿಗೆ ಬಂದರು. ಕೂತುಕೊಳ್ಳಲಿಲ್ಲ.

“ಅವನು ಸಾಯೋ ಮುಂಚೆ ನಿಮ್ಮ ಹತ್ರ ಸುಣ್ಣ ಇಸ್ಕೊಂಡು ಹೋದ. ನಿಮ್ಮ ಜೊತೆ ನೆಟ್ಟಗೆ ಮಾತಾಡಿದ. ಅದಷ್ಟೇ ಬಂದು ಹೇಳ್ರಿ. ಲಾರಿದು ನಾನು ಹೇಳ್ತೀನಿ, ನಿಮಗದು ಬ್ಯಾಡ.”

ನಾನು, ನೋಡೋಣ್ರಿ ಯಜಮಾನ್ರೆ ಅಂದೆ.

ನೋಡೋಣ ಅನ್ನುವುದು ನಮ್ಮ ಬೀದಿಯಲ್ಲಿ ಇಲ್ಲ ಅನ್ನುವುದಕ್ಕಿದ್ದ ಮರ್ಯಾದೆಯ ಮಾತು. ಅವರಿಗೂ ಅದು ಗೊತ್ತಿತ್ತು. ಆಮೇಲೆ, ಸಾಕ್ಷಿ ಹೇಳದಿದ್ದರೂ ಚಿಂತೆಯಿಲ್ಲ, ಅವತ್ತು ಕೋರ್ಟಿಗೆ ಬಂದು ಕೂತುಕೊಳ್ಳಿ, ನನಗೂ ಒಂದು ಧೈರ್ಯ ಅಂದರು. ಯಾವತ್ತೂ ಧೈರ್ಯ ಕೇಳಿದವರಲ್ಲ. ಇಷ್ಟಾದರೂ ಮಾಡೋಣ ಅಂತ ಕಿರಾಣಿಯವರು, ನಾನು, ಇನ್ನೂ ಮೂರು ನಾಲ್ಕು ಜನ ಹೋದೆವು. ನಿಜವಾಗಿಯೂ ಅವರ ಹಿಂದೆಯೇ, ಕೊನೆಯ ಬೆಂಚಿನಲ್ಲಿ ಕೂತೆವು.

ಎಷ್ಟು ದೂರದಿಂದ ನೋಡಿದಿರಿ ಅಂತ ವಕೀಲರು ಕೇಳಿದಾಗ ಅವರು ಅಭ್ಯಾಸಬಲದಿಂದ ಮೂರು ಮಾರು ಅಂದು ಕಟಕಟೆಯಲ್ಲೇ ಕೈ ಚಾಚಿದರು. ಒಂದು ಕೈ ಪಕ್ಕದಲ್ಲಿದ್ದ ಪೇದೆಯ ಮುಖಕ್ಕೆ ತಾಗಿತು. ಎಲ್ಲರೂ ನಕ್ಕರು, ನಾವೂ ನಕ್ಕೆವು. ವಕೀಲರು ಮಾತ್ರ ನಗಲಿಲ್ಲ. ಇದಕ್ಕೆ ಮುಂಚೆ ಎಷ್ಟು ಕೇಸುಗಳಲ್ಲಿ ಪೊಲೀಸರ ಪರ ಸಾಕ್ಷಿ ಹೇಳಿದ್ದೀರಿ ಅಂತ ಕೇಳಿದರು. ಪೊಲೀಸರ ಪರ ಅಲ್ಲ, ಕಂಡದ್ದರ ಪರ ಅಂದರು ಇವರು. ಅದಿರಲಿ, ಎಷ್ಟು ಅಂದರು ವಕೀಲರು. ಇವರು ಮುಚ್ಚುಮರೆಯಿಲ್ಲದೆ ಒಂದೊಂದಾಗಿ ಹೇಳತೊಡಗಿದರು. ಸೈಕಲ್ ಕಳ್ಳತನದ್ದು, ಮಂಡಿಯ ಹೊಡೆದಾಟದ್ದು, ಸಂತೆಯ ಜೇಬುಗಳ್ಳನದ್ದು. ಹೇಳುತ್ತ ಹೋದ ಹಾಗೆ ಮ್ಯಾಜಿಸ್ಟ್ರೇಟರ ಮುಖ ಬದಲಾದದ್ದು ನಮಗೆ ಹಿಂದಿನ ಬೆಂಚಿಗೂ ಕಂಡಿತು. ಆಗ ವಕೀಲರು, ನಿಮ್ಮ ಬೀದಿಯವರೇ ನಿಮಗೆ ಪರ್ಮನೆಂಟ್ ಸಾಕ್ಷಿ ಅಂತ ಹೆಸರಿಟ್ಟಿದ್ದಾರಂತೆ, ನಿಜವೇ ಅಂತ ಕೇಳಿದರು.

ಹೆಸರಿಟ್ಟವನು ನಾನು. ಕ್ಷೌರದಂಗಡಿಯ ಮಾತು ಕೋರ್ಟಿಗೆ ಹೇಗೆ ಬಂತೋ. ಯಜಮಾನರು, ಹೌದು ಸ್ವಾಮಿ, ಅಂತಾರೆ ಅಂದರು. ಮ್ಯಾಜಿಸ್ಟ್ರೇಟರು ಅದನ್ನೂ ಬರೆದುಕೊಂಡರು.

ಕಡೆಗೆ, ಅಷ್ಟು ಅಂಗಡಿಗಳಿರುವ ಬೀದಿಯಲ್ಲಿ ಹಾಡಹಗಲು ನಿಮ್ಮೊಬ್ಬರಿಗೇ ಕಂಡಿತೋ ಅಂತ ವಕೀಲರು ಕೇಳಿದರು. ಎಲ್ಲಾರಿಗೂ ಕಂಡೈತೆ ಅಂದರು ಇವರು. ಯಾರು ಯಾರು, ಹೆಸರು ಹೇಳಿ ಅಂದರು ವಕೀಲರು. ಯಜಮಾನರು ತಲೆಯೆತ್ತಿ ಕೊನೆಯ ಬೆಂಚನ್ನು ನೋಡಿದರು. ಕಿರಾಣಿಯವರು ಕನ್ನಡಕ ತೆಗೆದು ಒರೆಸಿಕೊಳ್ಳಲು ಶುರು ಮಾಡಿದರು. ನಾನು ನನ್ನ ಚಪ್ಪಲಿಯ ಉಂಗುಷ್ಟ ನೋಡುತ್ತ ಕೂತೆ.

“ಹೆಸ್ರು ನಾನು ಹೇಳಂಗಿಲ್ಲ ಸ್ವಾಮಿ,” ಅಂದರು. “ಕಣ್ಣು ಅವರವು. ಅವರೇ ಎದ್ದು ಹೇಳಬೇಕು.”

ಮ್ಯಾಜಿಸ್ಟ್ರೇಟರು ಪೆನ್ನು ಎತ್ತಿ ಹಿಡಿದುಕೊಂಡು ಸ್ವಲ್ಪ ಹೊತ್ತು ಕಾದರು. ಅವರು ತಿಳಿದವರು, ಯಾಕೆ ಕಾಯುತ್ತಿದ್ದಾರೆ ಅಂತ ನಮಗೆಲ್ಲ ಗೊತ್ತಾಗಿತ್ತು. ನಮ್ಮ ಬೆಂಚಿನಿಂದ ಒಬ್ಬರೂ ಏಳಲಿಲ್ಲ. ಆಮೇಲೆ ಪೆನ್ನು ಕಾಗದದ ಮೇಲೆ ಹೋಯಿತು.

ತೀರ್ಪಿನಲ್ಲಿ ಏನಿತ್ತೆಂದು ಸರ್ಕಾರಿ ವಕೀಲರ ಗುಮಾಸ್ತ ಬಂದು ಹೇಳಿದ. ಇರುವ ಒಬ್ಬ ಸಾಕ್ಷಿ ಪದೇ ಪದೇ ಪೊಲೀಸರಿಗೆ ಸಾಕ್ಷಿ ಹೇಳುವ ಆಸಾಮಿ. ಜನನಿಬಿಡ ಬೀದಿಯಾದರೂ ಬೇರೆ ಒಬ್ಬರೂ ಮುಂದೆ ಬಂದಿಲ್ಲ. ಆದ್ದರಿಂದ ಇವರ ಮಾತೊಂದನ್ನೇ ನಂಬುವುದು ಸುರಕ್ಷಿತವಲ್ಲ, ಸತ್ತವನು ಕುಡಿದಿರಬಹುದು ಎಂಬುದನ್ನು ತಳ್ಳಿಹಾಕುವಂತಿಲ್ಲ. ಡ್ರೈವರ್ ಬಿಡುಗಡೆಯಾದ. ನಾವು ಯಾರೂ ಬಾರದೆ ಇದ್ದದ್ದರಿಂದ ಅವರು ಎಲ್ಲದಕ್ಕೂ ಹೋಗಬೇಕಾಯಿತು. ಎಲ್ಲದಕ್ಕೂ ಹೋದದ್ದರಿಂದ ಅವರ ಮಾತಿಗೆ ಬೆಲೆ ಇಲ್ಲದಂತಾಯಿತು. ಇದನ್ನು ನಾನು ಆಗಲೇ ಲೆಕ್ಕ ಹಾಕಿ ತಿಳಿದುಕೊಂಡಿದ್ದೆ. ತಿಳಿದುಕೊಳ್ಳುವುದರಲ್ಲಿ ನಾವು ಎಂದೂ ಹಿಂದೆ ಬಿದ್ದವರಲ್ಲ.

ಅದಾದ ಮೇಲೆ ಪೊಲೀಸರೇ ಅವರನ್ನು ಕರೆಯುವುದನ್ನು ಬಿಟ್ಟರು. ನಿಮ್ಮ ಸಹಿ ಇದ್ದರೆ ಕೇಸು ಬಿದ್ದುಹೋಗುತ್ತದೆ ಯಜಮಾನ್ರೆ ಅಂತ ಒಬ್ಬ ಜಮಾದಾರ ಮುಖಕ್ಕೇ ಹೇಳಿದನಂತೆ. ತಟ್ಟೆ ಸದ್ದಾದಾಗ ಅವರ ಅಂಗಡಿ ಮಾತ್ರ ತೆರೆದೇ ಇರುತ್ತಿತ್ತು. ಕಾನ್‌ಸ್ಟೇಬಲ್ ಅದರ ಮುಂದೆಯೇ ಹಾದುಹೋಗುತ್ತಿದ್ದ, ಇವರು ತಲೆ ಬಗ್ಗಿಸಿ ಹಗ್ಗದ ತುದಿಗೆ ಗಂಟು ಹಾಕುತ್ತಿರುತ್ತಿದ್ದರು. ಮಾತು ಕಡಿಮೆಯಾಯಿತು. ನಮ್ಮ ಮೇಲೆ ಸಿಟ್ಟು ಮಾಡಲಿಲ್ಲ. ಹಬ್ಬಕ್ಕೆ ಎಳ್ಳುಂಡೆ ಕಳಿಸುವುದನ್ನೂ ಬಿಡಲಿಲ್ಲ. ಐದಾರು ವರ್ಷಗಳ ಮೇಲೆ ಒಂದು ಬೇಸಿಗೆಯಲ್ಲಿ ಎದೆನೋವು ಬಂದು ತೀರಿಕೊಂಡರು. ಬೀದಿಗೆ ಬೀದಿಯೇ ಹೋಯಿತು. ಹೆಗಲು ಕೊಡಲು ನೂಕುನುಗ್ಗಲು. ಇಂಥವರು ಮತ್ತೆ ಹುಟ್ಟುವುದಿಲ್ಲ ಅಂತ ಕಿರಾಣಿಯವರು ಎಲ್ಲರಿಗೂ ಕೇಳಿಸುವ ಹಾಗೆ ಹೇಳಿದರು. ನಾವು ಮನಸಾರೆ ಅತ್ತೆವು. ಅದರಲ್ಲಿ ಸುಳ್ಳಿಲ್ಲ, ಆದರೆ ಅದಕ್ಕೇ ನನಗೆ ಹೆಚ್ಚು ನಾಚಿಕೆ.

ಈಗ ನಾನು ದೇವರಾಜ ಅರಸು ಬಡಾವಣೆಯಲ್ಲಿ ಮಗನ ಮನೆಯಲ್ಲಿದ್ದೇನೆ. ಆ ಬೀದಿಯ ಕಡೆ ಹೋಗುವುದು ಅಪರೂಪ. ಇಲ್ಲಿಯವರೆಗೆ ಬರೆದದ್ದು ಬೀದಿಯ ಹಳಬರಿಗೆಲ್ಲ ಗೊತ್ತಿರುವುದೇ. ಗೊತ್ತಿಲ್ಲದ್ದು ತೀರ್ಪಿನ ಮಾರನೆಯ ವಾರ ಹರಿಹರದಲ್ಲಿ ನಡೆದದ್ದು.

ನಾನು ಹರಿಹರದ ಒಬ್ಬ ದರ್ಜಿಗೆ ಬಟ್ಟೆ ಕೊಡಲು ಹೊರಟಿದ್ದೆ. ಸ್ಟೇಷನ್ನಿನಲ್ಲಿ ಯಜಮಾನರು ನಿಂತಿದ್ದರು. ಕೋಟು ಹಾಕಿರಲಿಲ್ಲ. ಹಮಾಲನ ಹೆಂಡತಿಗೆ ತೀರ್ಪು ಹೇಳಿ ಬರಲು ಹೊರಟಿದ್ದೇನೆ, ಒಬ್ಬನೇ ಹೋಗಲು ಕಾಲು ಬರುತ್ತಿಲ್ಲ, ನೀವೂ ಬರ್ರಿ ಅಂದರು. ನನಗೆ ನೋಡೋಣ ಅನ್ನಲು ಪುರಸೊತ್ತು ಸಿಗಲಿಲ್ಲ, ರೈಲು ಬಂದುಬಿಟ್ಟಿತು. ದಾರಿಯಲ್ಲಿ ಇಬ್ಬರೂ ಕಿಟಕಿಯ ಹೊರಗೆ ಎರೆಹೊಲಗಳನ್ನು ನೋಡುತ್ತ ಕೂತೆವು. ಇಳಿದು ದೇವಸ್ಥಾನ ದಾಟಿ, ಹೊಳೆಗೆ ಇಳಿಯುವ ಓಣಿಯಲ್ಲಿ ಆಕೆಯ ಮನೆ ಹುಡುಕಿಕೊಂಡು ಹೋದೆವು. ಒಂದೇ ಕೋಣೆಯ ಮನೆ. ಆಕೆ ಆಗಷ್ಟೇ ಭಟ್ಟಿಯಿಂದ ಬಂದಿದ್ದಳು, ತಲೆಯ ಮೇಲೆಲ್ಲ ಹೊಟ್ಟಿನ ಬೂದಿ. ಬರ್ರಿ ಅಣ್ಣಾರೆ, ಕೂಡ್ರಿ ಅಂತ ಚಾಪೆ ಹಾಸಿದಳು. ನಮ್ಮಿಬ್ಬರ ಮುಂದೆ ಮೊರದಲ್ಲಿ ಮಂಡಕ್ಕಿ ಇಟ್ಟು, ಒಲೆಯ ಮೇಲೆ ಚಹಾಕ್ಕೆ ನೀರಿಟ್ಟಳು.

ಡ್ರೈವರನನ್ನು ಬಿಟ್ಟುಬಿಟ್ಟರು ಅಂತ ಯಜಮಾನರು ಹೇಳಿದರು. ಆಕೆ ಅದನ್ನು ದೊಡ್ಡದು ಮಾಡಲಿಲ್ಲ. ಅವನನ್ನು ಒಳಗೆ ಹಾಕಿದರೆ ನಮ್ಮವರು ಎದ್ದು ಬರುತ್ತಾರೇನು ಅಂದಳು. ಆಮೇಲೆ ಒಲೆಯ ಕಡೆಯಿಂದ ತಿರುಗಿ ಕೂತು ಕೇಳಿದಳು.

“ಕುಡಿದಿರ್ಲಿಲ್ಲ ಅಂತ ಬರದ್ರೇನ್ರಿ ಅಣ್ಣಾರೆ?”

ಯಜಮಾನರು ಮೊರದಲ್ಲಿನ ಮಂಡಕ್ಕಿಯನ್ನು ಒಂದು ಕೈಯಿಂದ ಸುಮ್ಮನೆ ಹರಡುತ್ತಿದ್ದರು.

“ಬರೀಲಿಲ್ಲಮ್ಮ,” ಅಂದರು. “ನನ್ನೊಬ್ಬನ ಮಾತು ಸಾಲಲಿಲ್ಲ.”

ಆಕೆ ಅಳಲಿಲ್ಲ. ಲೋಟಗಳನ್ನು ತೊಳೆದಳು, ಚಹಾ ಸೋಸಿದಳು. ಹೊಸಬ ಅಂತ ನನಗೇ ಮೊದಲು ಕೊಟ್ಟಳು. ಕೊಡುವಾಗ ನನ್ನ ಮುಖ ನೋಡಿ, ನೀವೂ ಅದೇ ಬೀದಿಯವ್ರೇನ್ರಿ ಅಂತ ಕೇಳಿದಳು.

ನಾನು ಬಾಯಿ ತೆರೆದೆ. ಏನು ಹೇಳುತ್ತಿದ್ದೆನೋ ಇವತ್ತಿಗೂ ಗೊತ್ತಿಲ್ಲ. ಅಷ್ಟರಲ್ಲಿ ಯಜಮಾನರು ನನ್ನ ಕಡೆ ನೋಡದೆಯೇ, ಎದುರಿನ ಗೋಡೆಗೆ ಹೇಳಿದ ಹಾಗೆ ಹೇಳಿದರು.

“ಇವ್ರು ಅವತ್ತು ಊರಾಗೆ ಇರ್ಲಿಲ್ಲಮ್ಮ.”

ಅವರ ಕತ್ತಿನ ನರ ಉಬ್ಬಿತ್ತು. ಬಾಗಿಲಲ್ಲಿ ನಿಂತ ನೆಂಟರಿಗೂ ಸುಳ್ಳು ಹೇಳಲಾರದೆ ಹೋಗಿದ್ದ ಮನುಷ್ಯ. ನನ್ನ ಕೈಯಲ್ಲಿ ಚಹಾದ ಲೋಟ ಇತ್ತು. ಆಕೆಯ ಮುಖದಲ್ಲಿ ಅಷ್ಟು ಹೊತ್ತಿನಿಂದ ಇದ್ದದ್ದೇನೋ ಸ್ವಲ್ಪ ಸಡಿಲವಾಯಿತು. ಸೆರಗಿನಿಂದ ಕೈ ಒರೆಸಿಕೊಂಡಳು.

“ಅದಕ್ಕೇ ಮತ್ತೆ,” ಅಂದಳು. “ನೀವು ಇದ್ದಿದ್ರೆ ಬಂದು ಹೇಳ್ತಿದ್ರಿ, ಅಲ್ಲೇನ್ರಿ?”

ನಾನು ಹೂಂ ಅಂದೆ.